ಹೆಬ್ಬೆರಳು ಗೆರೆ ದಾಟಿತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಕಡೆಯ ಹುಡುಗ. ಪಿಯುಸಿ ಓದುತ್ತಿದ್ದಾನೆ, ಕಾಲೇಜು ಕಬಡ್ಡಿ ತಂಡದ ಮುಖ್ಯ ರೈಡರ್, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು. ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಕರೆದುಕೊಂಡು ಬಂದವರು ತಾಯಿ. ಫೈನಲ್‌ನಲ್ಲಿ ಒಂದೇ ಪಾಯಿಂಟಿನಿಂದ ಸೋತ ಮೇಲೆ ಅವನು ಪ್ರಾಕ್ಟೀಸಿಗೆ ಹೋಗಿಲ್ಲ, ಸರಿಯಾಗಿ ಉಣ್ಣುತ್ತಿಲ್ಲ. ಹಣೆಗೆ ವಿಭೂತಿ ಇಡುವುದನ್ನೂ ಬಿಟ್ಟಿದ್ದಾನೆ. ತಾಯಿಗೆ ಜಾಸ್ತಿ ದಿಗಿಲಾಗಿದ್ದು ಇದಕ್ಕೇ. "ಗೆದ್ರೆ ಬೆಟ್ಟಕ್ಕೆ ಬಂದು ಇವನ ಮುಡಿ ಕೊಡಿಸ್ತೀನಿ ಅಂತ ಮಾದಪ್ಪಂಗೆ ಹರಕೆ ಹೊತ್ತಿದ್ದೆ ಮೇಡಂ. ಈಗ ದೇವರೇ ಇಲ್ಲ ಅಂತಾನೇನೋ" ಅಂದರು.

ಹುಡುಗನ ಜೊತೆ ಒಬ್ಬಳೇ ಕೂತೆ. ಮೊದಲು ಅಂಪೈರನ್ನು ಬೈದ. ಸ್ಕೋರ್ ಸಮ ಇತ್ತಂತೆ. ಎರಡು ರೈಡ್ ಖಾಲಿ ಹೋಗಿ, ಇವನದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ರೈಡರೇ ಔಟ್. ಅಂಕಣದ ಪಕ್ಕದ ಪಟ್ಟಿಯೇ ಲಾಬಿ, ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಅಲ್ಲಿ ಕಾಲಿಡಬಹುದು. ಯಾರನ್ನೂ ಮುಟ್ಟುವ ಮೊದಲೇ ಕಾಲು ಲಾಬಿಗೆ ಬಿತ್ತು ಎಂದು ಅಂಪೈರ್ ಔಟ್ ಕೊಟ್ಟರು. ಇವನು ಮುಟ್ಟಿದ್ದೇ ಮೊದಲು ಎಂದು ಕೂಗಾಡಿದ. ಎದುರು ತಂಡದ ಕೈ ಕುಲುಕದೆ ಹೊರಬಂದ.

"ಹೇಗಾಯ್ತು, ತೋರಿಸು" ಅಂದೆ. ನೆಲದ ಟೈಲ್ಸಿನ ಗೆರೆಯನ್ನೇ ಲಾಬಿ ಗೆರೆ ಮಾಡಿಕೊಂಡ. ಬಗ್ಗಿದ, ಎಡಗಾಲು ಚಾಚಿದ, ಹಾಗೇ ನಿಂತುಬಿಟ್ಟ. ತನ್ನ ಕಾಲನ್ನೇ ನೋಡುತ್ತಿದ್ದ. "ಬಿದ್ದಿತ್ತು ಮೇಡಂ. ಹೆಬ್ಬೆರಳಷ್ಟೇ. ನಂಗೆ ಆಗ್ಲೇ ಗೊತ್ತಿತ್ತು."

ಗೆಳೆಯರೆಲ್ಲ ಇವನ ಮಾತು ನಂಬಿ ಇವತ್ತಿಗೂ ಅಂಪೈರಿಗೆ ಶಾಪ ಹಾಕುತ್ತಿದ್ದಾರೆ. ಅನ್ನ ಗಂಟಲಲ್ಲಿ ಇಳಿಯದೇ ಇದ್ದದ್ದು ಅದಕ್ಕೆ. "ಮಾದಪ್ಪಂಗೆ ಗೊತ್ತಲ್ವಾ ಮೇಡಂ, ಯಾವ ಮುಖ ಇಟ್ಕೊಂಡು ವಿಭೂತಿ ಹಚ್ಚಲಿ?" ಎಂದ. ಈ ಹುಡುಗನ ನಂಬಿಕೆ ಎಲ್ಲಿಗೂ ಹೋಗಿರಲಿಲ್ಲ. ನಾಚಿಕೆ ಅದನ್ನು ಮುಚ್ಚಿತ್ತು, ಅಷ್ಟೇ.

ಆದರೂ ಒಂದು ಮಾತು ಎತ್ತಿದ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತದ ರೈಡರ್ ಪವನ್ ಸೆಹ್ರಾವತ್ ಲಾಬಿಗೆ ಹೋದಾಗ ಭಾರತದವರೂ ವಾದ ಮಾಡಲಿಲ್ವಾ? ಮಾಡಿದರು. 28–28ರಲ್ಲಿ ಆಟ ಸುಮಾರು ಒಂದು ಗಂಟೆ ನಿಂತಿತು, ಕೊನೆಗೆ 33–29ಕ್ಕೆ ಇರಾನ್ ವಿರುದ್ಧ ಗೆದ್ದರು. ಆದರೆ ಅಲ್ಲಿನ ಜಗಳ ಯಾವ ನಿಯಮದ ಪ್ರಕಾರ ಪಾಯಿಂಟ್ ಕೊಡಬೇಕು ಅನ್ನೋದು. ಅದನ್ನು ಕೇಳುವ ಹಕ್ಕು ಆಟಗಾರರಿಗಿದೆ. ನಿನ್ನ ಹೆಬ್ಬೆರಳು ಎಲ್ಲಿತ್ತು ಅಂತ ನಿನಗೇ ಗೊತ್ತಿತ್ತು, ಅಂದೆ. ಅದೇ ಭಾರತ 1990ರಿಂದ ಸತತ ಏಳು ಚಿನ್ನ ಗೆದ್ದು, 2018ರ ಜಕಾರ್ತಾದಲ್ಲಿ ಇದೇ ಇರಾನ್‌ಗೆ ಸೆಮಿಫೈನಲ್‌ನಲ್ಲಿ 18–27ರಿಂದ ಸೋತಿತ್ತು. ಕಂಚು ತಗೊಂಡು ಬಂದು ಐದು ವರ್ಷ ಕಾದರು. ಅದು ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಕೇಳಿ ತಿಳಿದುಕೊಂಡ.

ನಾನು ಹೇಳಿದ್ದು ಇಷ್ಟು. ಮೊದಲು ಕೋಚ್ ಹತ್ತಿರ ಹೋಗಿ ಒಂದೇ ಮಾತಲ್ಲಿ ಹೇಳು: "ಸರ್, ನಾನು ಔಟ್ ಆಗಿದ್ದೆ." ಆಮೇಲೆ ತಂಡಕ್ಕೆ. ಯಾಕೆ, ಏನು ಅಂತ ಕಾರಣ ಸೇರಿಸಬೇಡ. ಪ್ರಾಕ್ಟೀಸಿನಲ್ಲಿ ಗೆರೆ ತುಳಿದಾಗೆಲ್ಲ ಅಂಪೈರ್ ಹೇಳುವ ಮೊದಲೇ ಕೈ ಎತ್ತು. ಸೋತ ದಿನ ಮೊದಲು ಕೈ ಚಾಚುವವನು ನೀನಾಗು. ಮನಸ್ಸು ಒಪ್ಪಲಿ ಅಂತ ಕಾಯಬೇಡ, ಕೈಗೆ ರೂಢಿಯಾಗಲಿ. ಇದೂ ರೈಡಿನಂತೆ ದಿನಾ ಮಾಡಿ ಕಲಿಯುವ ಕೆಲಸ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ತಾಯಿಗೆ ಬೇರೆ ಹೇಳಬೇಕಿತ್ತು. "ಗೆದ್ರೆ" ಅನ್ನುವ ಹರಕೆ ಹದಿನೇಳು ವರ್ಷದ ಹೆಗಲಿಗೆ ತುಂಬಾ ಭಾರ. ಸೋತರೆ ಅವ್ವನ ಹರಕೆಯನ್ನೂ ತಾನೇ ಕೆಡಿಸಿದೆ ಅಂದುಕೊಳ್ಳುತ್ತಾನೆ. ಗೆಲುವಿಗೆ ಗಂಟು ಹಾಕದೆ ಸುಮ್ನೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅಂದೆ. ಪಂದ್ಯದ ದಿನ ರಾತ್ರಿ ಆಟದ ಸುದ್ದಿ ಎತ್ತಬೇಡಿ, ಊಟಕ್ಕೆ ಬಡಿಸಿ, ಅಂತಲೂ ಹೇಳಿದೆ.

ಅವನು ಕೋಚ್‌ಗೆ ಹೇಳಿದ. ಬೈಸಿಕೊಂಡ. ತಾಯಿ ಮಗ ಇಬ್ಬರೂ ಬೆಟ್ಟಕ್ಕೆ ಹೋಗಿಬಂದರು. ತಂಡದ ಇಬ್ಬರು ಮಾತ್ರ ಇನ್ನೂ ಅವನ ಜೊತೆ ಮಾತು ಬಿಟ್ಟಿದ್ದಾರೆ. ಅವರನ್ನು ಒತ್ತಾಯ ಮಾಡಬೇಡ, ನೀನು ಮಾತ್ರ ಪ್ರಾಕ್ಟೀಸ್ ತಪ್ಪಿಸಬೇಡ ಅಂದಿದ್ದೇನೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ.