ಬೆಲ್ಪರ್‌ನಲ್ಲಿ ಮನೆ ಮಾಡಲಾ ಎಂದು ಕೇಳಿದ ಮಲ್ಲೇಶ್ವರದವರಿಗೆ

ನಮಸ್ಕಾರ. ನೀವು ಬರೆದದ್ದನ್ನು ನಿನ್ನೆ ರಾತ್ರಿಯೇ ಓದಿದೆ. ಗಂಡನಿಗೆ ಇಂಗ್ಲೆಂಡಿನ ಡರ್ಬಿಯಲ್ಲಿ ಕೆಲಸ ಸಿಕ್ಕಿದೆ, ಏಳು ವರ್ಷದ ಮಗಳಿದ್ದಾಳೆ, ಮಲ್ಲೇಶ್ವರ ಬಿಟ್ಟು ಹೊರಡುತ್ತಿರುವುದು ಇದೇ ಮೊದಲು. ಲೆಸ್ಟರ್‌ನಲ್ಲಿ ನಮ್ಮ ದೇಶದವರು ಜಾಸ್ತಿ ಇದ್ದಾರೆ, ಅಲ್ಲೇ ಇರೋಣವಾ, ಇಲ್ಲ ಡರ್ಬಿ ಹತ್ತಿರದ ಬೆಲ್ಪರ್‌ನಂಥ ಸಣ್ಣ ಊರಲ್ಲಿ ಮನೆ ಹಿಡಿಯೋಣವಾ, ಸಣ್ಣ ಊರಾದರೆ ಕೊನೆವರೆಗೂ ಹೊರಗಿನವರಾಗಿಯೇ ಉಳಿದುಬಿಡುತ್ತೇವಾ ಎಂದು ಕೇಳಿದ್ದೀರಿ.

ನಾನು ಸಾಗರದ ಕಡೆಯವಳು. 2004ರಿಂದ ಬೆಲ್ಪರ್‌ನಲ್ಲಿದ್ದೇನೆ. ನನ್ನ ಉತ್ತರ, ಬೆಲ್ಪರ್‌ಗೆ ಬನ್ನಿ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಕಷ್ಟದ ಮಾತು ಮೊದಲು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ನಾವು ಬಂದದ್ದು ನವೆಂಬರ್‌ನಲ್ಲಿ. ಬಾಡಿಗೆ ಮನೆಯ ಗೋಡೆಗೆಲ್ಲ ಬೂಷ್ಟು ಹಿಡಿದಿತ್ತು, ಮೂರು ಸಲ ಹೇಳಿದರೂ ಮಾಲೀಕರ ಕಡೆಯಿಂದ ಯಾರೂ ಬಂದು ನೋಡಲಿಲ್ಲ. ಗಂಡ ಬೆಳಕಾಗುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಮಾತಾಡಲು ಒಬ್ಬರಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮನ ದನಿ ಕೇಳುತ್ತಲೇ ಗಂಟಲು ಕಟ್ಟುತ್ತಿತ್ತು. ಇದು ನಿಮಗೂ ಆಗುತ್ತದೆ, ಲೆಸ್ಟರ್‌ನಲ್ಲಿದ್ದರೂ ಆಗುತ್ತದೆ. ಮನೆ ನೋಡಲು ಹೋದಾಗ ಗೋಡೆಯ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ, ಬೀರುವಿನ ಹಿಂದೆ ಇಣುಕಿ. ಡಾಕ್ಟರ್ ಹತ್ತಿರ ಹೆಸರು ಬರೆಸುವುದು, ಶಾಲೆಗೆ ಅರ್ಜಿ, ಬ್ಯಾಂಕು ಇವೆಲ್ಲ ಒಂದೊಂದಾಗಿ ಆಗುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನನ್ನು ಆ ಚಳಿಗಾಲದಿಂದ ಎಬ್ಬಿಸಿದ್ದು ಪಕ್ಕದ ಮನೆಯ ಅಜ್ಜಿ. ಆಗ ಅವರಿಗೆ 74 ವರ್ಷ. ಬೇಲಿಯ ಆಚೆಯಿಂದ 'ಏ ಅಪ್ ಮೀ ಡಕ್' ಎಂದು ಕರೆದರು. ಡರ್ಬಿಶೈರ್‌ನಲ್ಲಿ ಅದು ನಮ್ಮ 'ಏನವ್ವಾ, ಆರಾಮಾ' ಇದ್ದ ಹಾಗೆ, ಬಸ್ ಡ್ರೈವರ್ ಕೂಡ ಹಾಗೇ ಕರೆಯುತ್ತಾನೆ. ಒಳಗೆ ಕರೆದು ಟೀ ಕೊಟ್ಟರು. ನಿನ್ನ ಊರು ಯಾವುದು ಎಂದು ಕೇಳಿದರು. ಇಂಡಿಯಾ ಎಂದರೆ ಸಾಕಾಗಲಿಲ್ಲ. ಊರು, ಊರು ಅಂದರು. ನಾನು ಹೇಳಿದೆ: ನನ್ನ ಅಮ್ಮನ ತವರು ಈಗ ಇಲ್ಲ, ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದರು, 1964ರಲ್ಲಿ ಅದು ಮುಗಿಯಿತು, ಊರು, ಗದ್ದೆ, ತೋಟ ಎಲ್ಲ ಹಿನ್ನೀರಿನ ಕೆಳಗಿದೆ, ನಮ್ಮನ್ನು ಇವತ್ತಿಗೂ ಮುಳುಗಡೆಯವರು ಎಂದೇ ಕರೆಯುತ್ತಾರೆ. ಅಜ್ಜಿ ಕೆಟಲ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಮ್ಮ ಚಿಕ್ಕಮ್ಮನ ಮನೆಯೂ ನೀರಿನ ಕೆಳಗಿದೆ ಎಂದರು.

ಇಂಗ್ಲೆಂಡಿನಲ್ಲೂ ಮುಳುಗಡೆ ಇದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಡರ್ವೆಂಟ್ ಅಂತ ಒಂದು ನದಿ. ನಮ್ಮ ಬೆಲ್ಪರ್‌ನ ನದಿ ಅದೇ, ಇಲ್ಲಿಂದ ಡರ್ಬಿಗೆ ಹೋಗುತ್ತದೆ. ಅದರ ಮೇಲ್ಗಡೆ ಕಣಿವೆಯಲ್ಲಿ ಡರ್ವೆಂಟ್ ಎಂಬ ಹಳ್ಳಿಯಿತ್ತು, ಆಚೆ ಆಶಪ್ಟನ್ ಎಂಬ ಇನ್ನೊಂದು. ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್, ಶೆಫೀಲ್ಡ್‌ಗಳಿಗೆ ನೀರು ಬೇಕಾಗಿತ್ತು. 1935ರಲ್ಲಿ ಲೇಡಿಬವರ್ ಅಣೆಕಟ್ಟಿನ ಕೆಲಸ ಶುರುವಾಯಿತು. ಯುದ್ಧದ ನಡುವೆಯೂ ನಿಲ್ಲಲಿಲ್ಲ, 1943ರಲ್ಲಿ ನೀರು ಏರತೊಡಗಿತು. 1945ರಲ್ಲಿ ದೊರೆ ಆರನೇ ಜಾರ್ಜ್ ಬಂದು ಉದ್ಘಾಟಿಸಿದರು. ಮನೆ ಕಳೆದುಕೊಂಡವರಿಗೆ ಬ್ಯಾಮ್‌ಫರ್ಡ್ ಹತ್ತಿರ ಯಾರ್ಕ್‌ಷೈರ್ ಬ್ರಿಡ್ಜ್ ಎನ್ನುವಲ್ಲಿ ಹೊಸ ಮನೆ ಕಟ್ಟಿಕೊಟ್ಟರು. ಚರ್ಚಿನ ಅಂಗಳದಲ್ಲಿ ಹೂತಿದ್ದವರನ್ನು ಅಗೆದು ತೆಗೆದು ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಸತ್ತವರನ್ನೂ ಜೊತೆಗೆ ಕರೆದುಕೊಂಡು ಹೋದರು ಎಂದು ಅಜ್ಜಿ ಹೇಳಿದಾಗ ನನಗೆ ಅಮ್ಮನ ಕಡೆಯವರು ನೆನಪಾದರು. ನಮ್ಮವರು ಭೂತದ ಕಲ್ಲುಗಳನ್ನು ಗಾಡಿಯ ಮೇಲೆ ಹೊತ್ತುಕೊಂಡು ಬಂದಿದ್ದರು.

ಚರ್ಚನ್ನು ಕೆಡವಿದರು, ಗೋಪುರ ಮಾತ್ರ ನೆನಪಿಗೆ ಇರಲಿ ಎಂದು ಬಿಟ್ಟರು. ನೀರು ತುಂಬಿದ ಮೇಲೆ ಆ ಗೋಪುರದ ಚೂಪು ತುದಿ ಕೆರೆಯ ಮಧ್ಯೆ ಕಾಣುತ್ತಿತ್ತು. ಜನ ಅಲ್ಲಿಗೆ ಈಜಿಕೊಂಡು ಹೋಗತೊಡಗಿದರು, ಅಪಾಯ ಎಂದು 1947ರ ಡಿಸೆಂಬರ್‌ನಲ್ಲಿ ಮದ್ದಿಟ್ಟು ಉರುಳಿಸಿದರು. ಅಜ್ಜಿಗೆ ಆಗ 17. ಗೋಪುರ ಇದ್ದಾಗ ಚಿಕ್ಕಮ್ಮ ದಡದಲ್ಲಿ ನಿಂತು, ಅದರ ಎಡಕ್ಕೆ ಎಷ್ಟು ಹೆಜ್ಜೆ ಹೋದರೆ ತನ್ನ ಅಡುಗೆಮನೆ ಎಂದು ಲೆಕ್ಕ ಹೇಳುತ್ತಿದ್ದರಂತೆ. ಗೋಪುರ ಹೋದ ಮೇಲೆ ಲೆಕ್ಕ ಹಾಕಲು ಏನೂ ಉಳಿಯಲಿಲ್ಲ. ಚಿಕ್ಕಮ್ಮ ಮತ್ತೆ ಅಲ್ಲಿಗೆ ಹೋಗಲೇ ಇಲ್ಲ.

ನಮ್ಮಲ್ಲೂ ಹಾಗೇ ಅಲ್ವಾ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಜನ ನೋಡಲು ಹೋಗುತ್ತಾರೆ. ನನ್ನ ಅಜ್ಜಿ ಒಂದು ಸಲವೂ ಹೋಗಲಿಲ್ಲ. ಹೊಸ ಅಣೆಕಟ್ಟಿಗೆ ಹಳೇ ಅಣೆಕಟ್ಟೇ ಮುಳುಗಿದ ಕಥೆ ಅದು. ನಿಮ್ಮ ಮಲ್ಲೇಶ್ವರದ ದೀಪಕ್ಕೆ ಎಷ್ಟೋ ವರ್ಷ ಅಲ್ಲಿಯ ಕರೆಂಟೇ ಬಂದದ್ದು. ನಿಮ್ಮನ್ನು ದೂರಲು ಹೇಳುತ್ತಿಲ್ಲ. ಡರ್ಬಿಯಲ್ಲಿ ನಲ್ಲಿ ತಿರುಗಿಸುವಾಗ ಡರ್ವೆಂಟ್ ಹಳ್ಳಿ ನೆನಪಾಗಲಿ ಅಂತ ಹೇಳಿದೆ.

2018ರ ಬೇಸಿಗೆ ಇಲ್ಲಿ ತುಂಬ ಒಣಗಿತ್ತು. ಆ ವರ್ಷ ಲೇಡಿಬವರ್‌ನಲ್ಲಿ ನೀರು ಇಳಿದು ಡರ್ವೆಂಟ್ ಹಳ್ಳಿಯ ಕಲ್ಲುಗಳು ಹೊರಗೆ ಬಂದವು. ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆವು. ಅವರಿಗೆ 88. ಕೆಳಗೆ ಕೆಸರು, ಇಳಿಯಲು ಆಗುವುದಿಲ್ಲ. ಕೋಲೂರಿ ದಡದಲ್ಲೇ ನಿಂತರು. ಅಲ್ಲಿ ಎಷ್ಟೋ ಜನ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೆಲವರು ಕಲ್ಲಿಗೆ ಹೆಸರು ಗೀಚಿದ್ದರು, ನನಗೆ ನಿಜಕ್ಕೂ ಸಿಟ್ಟು ಬಂತು. ಅಜ್ಜಿ ಏನೂ ಅನ್ನಲಿಲ್ಲ. ಕೋಲಿನ ತುದಿಯಿಂದ ಗಾಳಿಯಲ್ಲಿ ಗೋಪುರ ಇದ್ದ ಜಾಗ ತೋರಿಸಿದರು, ಆಮೇಲೆ ಎಡಕ್ಕೆ ಒಂದಿಷ್ಟು ದೂರ ಸರಿಸಿದರು. ಚಿಕ್ಕಮ್ಮನ ಅಡುಗೆಮನೆ. ಮುಂದಿನ ವರ್ಷ ಅವರು ತೀರಿಕೊಂಡರು. ಆ ಚರ್ಚಿನ ಗಂಟೆ ಮಾತ್ರ ಉಳಿದಿದೆ, ಡರ್ಬಿಯ ಚಾಡೆಸ್ಡನ್‌ನಲ್ಲಿ ಸೇಂಟ್ ಫಿಲಿಪ್ ಚರ್ಚಿನಲ್ಲಿ ಇಟ್ಟಿದ್ದಾರೆ. ನಿಮ್ಮ ಗಂಡ ಕೆಲಸ ಮಾಡುವ ಊರಲ್ಲೇ.

ಬೆಲ್ಪರ್ ಬಗ್ಗೆ ಹೇಳಬೇಕು. ಬೆಲ್ಪರ್ ನನಗೆ ಗೊತ್ತಾದದ್ದೂ ಅಜ್ಜಿಯ ಜೊತೆ ಅಂಗಡಿಗೆ ನಡೆದುಕೊಂಡು ಹೋಗುತ್ತಲೇ. ಅವರು ಹುಡುಗಿಯಾಗಿದ್ದಾಗ ಬ್ರೆಟಲ್ಸ್ ಎನ್ನುವ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು. ಊರು ಬೆಳೆದದ್ದು ಹತ್ತಿ ಗಿರಣಿಯಿಂದ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇದೇ ಕಣಿವೆಯ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನೂಲುವ ಗಿರಣಿ ಶುರು ಮಾಡಿದ. ಅವನ ಪಾಲುದಾರ ಜೆಡಡಾಯ ಸ್ಟ್ರಟ್ ಬೆಲ್ಪರ್‌ನಲ್ಲಿ ಗಿರಣಿಗಳನ್ನು ಕಟ್ಟಿದ. ನಾರ್ತ್ ಮಿಲ್ 1803ರಲ್ಲಿ ಸುಟ್ಟುಹೋಯಿತು. ಮತ್ತೆ ಬೆಂಕಿ ಬೀಳಬಾರದು ಎಂದು ಅವನ ಮಗ ವಿಲಿಯಂ ಮರದ ಬದಲು ಕಬ್ಬಿಣದ ಕಂಬ, ತೊಲೆ ಹಾಕಿ 1804ರಲ್ಲಿ ಕಟ್ಟಿದ ಕಟ್ಟಡವೇ ಈಗ ನಿಂತಿರುವುದು. ಪಕ್ಕದಲ್ಲಿ ಎತ್ತರದ ಕೆಂಪು ಈಸ್ಟ್ ಮಿಲ್ 1912ರದ್ದು. ಕೆಲಸದವರಿಗೆ ಕಟ್ಟಿದ ಲಾಂಗ್ ರೋ ಬೀದಿಯ ಮನೆಗಳಲ್ಲಿ ಈಗಲೂ ಜನ ಸಂಸಾರ ಮಾಡುತ್ತಿದ್ದಾರೆ. 2001ರಲ್ಲಿ ಕಣಿವೆಯ ಈ ಗಿರಣಿಗಳ ಭಾಗ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಗಿರಣಿಗಳಿಗೆ ಹತ್ತಿ ಬೆಳೆದುಕೊಟ್ಟವರಲ್ಲಿ ಅಮೆರಿಕದ ಗುಲಾಮರಿದ್ದರು, ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ನಮ್ಮ ಕಡೆ ಎಷ್ಟೋ ಮಗ್ಗ ನಿಂತವು. ಮಗಳಿಗೆ ಗಿರಣಿ ತೋರಿಸುವಾಗ ಇದನ್ನೂ ಹೇಳಿ. ನಾನು ನನ್ನ ಮಕ್ಕಳಿಗೆ ಹೇಳಿದ್ದೇನೆ.

ಊರು ಬಿಟ್ಟು ಹೋದವರ ಬಗ್ಗೆ ಬೆಲ್ಪರ್‌ಗೂ ಒಂದು ಹಳೇ ನೋವಿದೆ. 1768ರಲ್ಲಿ ಇಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಸ್ಲೇಟರ್ ಸ್ಟ್ರಟ್ ಗಿರಣಿಯಲ್ಲೇ ಕೆಲಸ ಕಲಿತ. ಯಂತ್ರ ಗೊತ್ತಿದ್ದವರು ದೇಶ ಬಿಡಬಾರದು ಎಂದು ಆಗ ಕಾನೂನಿತ್ತು. ಅವನು ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು 1789ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಅಲ್ಲಿ ಪಾಟಕೆಟ್‌ನಲ್ಲಿ ನೂಲುವ ಯಂತ್ರ ನಿಲ್ಲಿಸಿ ದೊಡ್ಡ ಮನುಷ್ಯನಾದ. ಅಲ್ಲಿಯವರಿಗೆ ಅವನು ಉದ್ಯಮದ ತಂದೆ, ಬೆಲ್ಪರ್‌ನವರಿಗೆ ದ್ರೋಹಿ ಸ್ಲೇಟರ್. ವಿದ್ಯೆ ಕಲಿತು ಬೇರೆ ದೇಶಕ್ಕೆ ಬಂದವಳಾಗಿ ನನಗೆ ಆ ಹೆಸರು ಕೇಳಿದಾಗಲೆಲ್ಲ ಮನಸ್ಸಿಗೆ ಏನೋ ಆಗುತ್ತದೆ.

ಹೊರಗಿನವರಾಗಿಯೇ ಉಳಿಯುತ್ತೇವಾ ಎಂದಿರಿ. ಕೆಲವರ ಕಣ್ಣಿಗೆ ಹೌದು. 2016ರಲ್ಲಿ ಯುರೋಪಿನ ಒಕ್ಕೂಟ ಬಿಡಬೇಕಾ ಎಂಬ ಮತದಾನ ಆದ ವಾರ ರಸ್ತೆಯಲ್ಲಿ ಒಬ್ಬ ನನ್ನನ್ನು ವಾಪಸ್ ಹೋಗು ಎಂದು ಕೂಗಿದ. ಅಳು ಬಂತು. ಆವತ್ತು ಸಂಜೆ ಅಜ್ಜಿಗೆ ಹೇಳಿದೆ. ಅವರು ಮರುದಿನ ನನ್ನ ತೋಳು ಹಿಡಿದುಕೊಂಡು ಅದೇ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು, ಸಿಕ್ಕವರಿಗೆಲ್ಲ ನನ್ನ ಹೆಸರು ಹೇಳಿ ಪರಿಚಯ ಮಾಡಿಸಿದರು. ಸಣ್ಣ ಊರಲ್ಲಿ ಇದು ಆಗುತ್ತದೆ. ದೊಡ್ಡ ಊರಲ್ಲಿ ನನಗೆ ಆ ರಸ್ತೆಯೂ ಆ ಅಜ್ಜಿಯೂ ಸಿಗುತ್ತಿರಲಿಲ್ಲ.

ನೀವು ಮಲ್ಲೇಶ್ವರದವರಾದ್ದರಿಂದ ಒಂದು ಊರಿಗೆ ತಪ್ಪದೆ ಹೋಗಬೇಕು. ಈಮ್ ಅಂತ, ಇಲ್ಲಿಂದ ಉತ್ತರಕ್ಕೆ. 1665ರಲ್ಲಿ ಲಂಡನ್‌ನಿಂದ ಅಲ್ಲಿಯ ದರ್ಜಿಯ ಮನೆಗೆ ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆಯಲ್ಲಿ ಚಿಗಟ, ಚಿಗಟದಲ್ಲಿ ಪ್ಲೇಗು. ಬಟ್ಟೆ ಬಿಚ್ಚಿ ಒಣಹಾಕಿದ ಕೆಲಸದವನು ಸೆಪ್ಟೆಂಬರ್‌ನಲ್ಲಿ ಮೊದಲು ಸತ್ತ. ಪಾದ್ರಿ ವಿಲಿಯಂ ಮಾಂಪೆಸನ್, ಅವನಿಗಿಂತ ಮೊದಲು ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ, ಇಬ್ಬರೂ ಸೇರಿ ಊರಿನವರನ್ನು ಒಪ್ಪಿಸಿದರು: ರೋಗ ಅಕ್ಕಪಕ್ಕದ ಊರಿಗೆ ಹೋಗಬಾರದು, ಯಾರೂ ಗಡಿ ದಾಟುವುದು ಬೇಡ. ಗಡಿಯಲ್ಲಿ ಒಂದು ಕಲ್ಲಿದೆ, ಅದರಲ್ಲಿ ಕುಳಿಗಳಿವೆ. ಕುಳಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ಕಾಸು ಹಾಕಿಡುತ್ತಿದ್ದರು, ಆಚೆಯವರು ಊಟದ ಸಾಮಾನು ಇಟ್ಟು ಕಾಸು ತೆಗೆದುಕೊಂಡು ಹೋಗುತ್ತಿದ್ದರು. 14 ತಿಂಗಳಲ್ಲಿ 260 ಜನ ಸತ್ತರು ಎಂದು ಊರಿನವರ ಲೆಕ್ಕ. ಮಾಂಪೆಸನ್ ಹೆಂಡತಿ ಕ್ಯಾಥರಿನ್ ಕೂಡ ಹೋದಳು. ಎಲಿಜಬೆತ್ ಹ್ಯಾನ್‌ಕಾಕ್ ಎನ್ನುವ ತಾಯಿ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಹೂತಳು. ಆ ಸಮಾಧಿಗಳು ಗುಡ್ಡದ ಮೇಲೆ ಹೊಲದ ನಡುವೆ ಇವೆ. ಅಲ್ಲಿ ನಿಂತರೆ ಯಾರಿಗೂ ಮಾತು ಬರುವುದಿಲ್ಲ.

ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದು 1898ರ ಪ್ಲೇಗಿನಿಂದ ಎಂದು ನಿಮಗೆ ಗೊತ್ತಿರಬೇಕು. ಪೇಟೆಯ ಕಿಷ್ಕಿಂಧೆಯಲ್ಲಿ ಜನ ಸಾಯುತ್ತಿದ್ದರು, ಗಾಳಿ ಬೆಳಕು ಇರುವ ಅಗಲ ರಸ್ತೆಗಳ ಹೊಸ ಬಡಾವಣೆ ಮಾಡಿದರು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳಿವೆ. ಈಮ್‌ನಲ್ಲಿ ಮನೆಗಳ ಮುಂದೆ ಸತ್ತವರ ಹೆಸರಿನ ಹಲಗೆಗಳಿವೆ, ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಭಾನುವಾರ ಎಂದು ಪ್ರಾರ್ಥನೆ ಮಾಡುತ್ತಾರೆ. ನೀವು ಅಲ್ಲಿಯ ಯಾರಾದರೂ ಹಿರಿಯರಿಗೆ ನಿಮ್ಮ ಬಡಾವಣೆಯ ಹುಟ್ಟಿನ ಕಥೆ ಹೇಳಿ ನೋಡಿ. ಟೀ ಕುಡಿಸದೆ ಕಳಿಸುವುದಿಲ್ಲ.

ಇನ್ನು ನಡೆದಾಡುವುದು. ಹೊಲದ ಬೇಲಿಯಲ್ಲಿ ಹಳದಿ ಬಾಣದ ಗುರುತು ಕಂಡರೆ ಅದು ಎಲ್ಲರೂ ನಡೆಯಬಹುದಾದ ದಾರಿ, ಹಿಂಜರಿಯಬೇಡಿ. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್‌ನ ದುಡಿಯುವ ಹುಡುಗರು, ನಡೆದಾಡುವ ಹಕ್ಕು ಬೇಕು ಎಂದು ಜಮೀನ್ದಾರರ ಕಾವಲುಗಾರರನ್ನು ದಾಟಿ ಹತ್ತಿದರು, ಐವರು ಜೈಲಿಗೆ ಹೋದರು. 1951ರಲ್ಲಿ ಆ ಬೆಟ್ಟ ಇರುವ ಪೀಕ್ ಡಿಸ್ಟ್ರಿಕ್ಟ್ ಪ್ರದೇಶ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮಳೆಯ ಅಂಗಿ, ಒಳ್ಳೆಯ ಬೂಟು ಇಲ್ಲೇ ಬಂದು ತೆಗೆದುಕೊಳ್ಳಿ, ಬೆಂಗಳೂರಿನಿಂದ ಹೊತ್ತು ತರಬೇಡಿ.

ಲೆಸ್ಟರ್ ಬೇಡ ಅನ್ನುತ್ತಿಲ್ಲ. ದೀಪಾವಳಿಗೆ ಬೆಲ್‌ಗ್ರೇವ್ ರಸ್ತೆಯ ದೀಪ ನೋಡಲು ನಾವು ಹೋಗುತ್ತೇವೆ, ಕರಿಬೇವು, ತೊಂಡೆಕಾಯಿ ತರುತ್ತೇವೆ. ಯುಗಾದಿಗೆ ಕನ್ನಡ ಬಳಗದ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಕನ್ನಡ ಕೇಳಿದರೆ ಹೊಟ್ಟೆ ತುಂಬುತ್ತದೆ. ರಾತ್ರಿ ಮನೆಗೆ ಅಂತ ವಾಪಸ್ ಬರುವುದು ಮಾತ್ರ ಬೆಲ್ಪರ್‌ಗೆ.

ಮೇ ತಿಂಗಳಲ್ಲಿ ಬರುವುದಾದರೆ ಹೇಳಿ. ಟಿಸಿಂಗ್ಟನ್ ಹಳ್ಳಿಯಲ್ಲಿ ಬಾವಿಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ, ಆಮೇಲೆ ಬೇಸಿಗೆ ಪೂರ್ತಿ ಒಂದೊಂದು ಊರಲ್ಲೂ ನಡೆಯುತ್ತದೆ. ಮರದ ಹಲಗೆ ನೆನೆಸಿ, ಅದಕ್ಕೆ ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತಿ, ಚಿತ್ರ ಬರೆದು, ಹೂವಿನ ಎಸಳನ್ನು ಒಂದೊಂದಾಗಿ ಒತ್ತುತ್ತಾರೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಬರುವಂತೆ, ಮಳೆ ನೀರು ಜಾರಿಹೋಗಬೇಕಲ್ಲ. ನಮ್ಮೂರಲ್ಲಿ ಹೆಂಚು ಹೊದೆಸುವುದೂ ಹಾಗೇ. ನಾನು ಮೊದಲ ಸಲ ಕೂತಾಗ ಯಾರೂ ಹೇಳಿಕೊಡದೆ ಸರಿಯಾಗಿ ಒತ್ತಿದೆ, ಅಲ್ಲಿದ್ದ ಹೆಂಗಸರು ಎಲ್ಲಿ ಕಲಿತೆ ಎಂದು ಕೇಳಿದರು. ಬೆಲ್ಪರ್‌ನಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳುತ್ತಾರೆ. ನಿಮ್ಮ ಮಗಳಿಗೆ ಹಳೇ ಬಟ್ಟೆ ಹಾಕಿ ಕರೆತನ್ನಿ, ಆ ಜೇಡಿಮಣ್ಣು ಬೇಗ ಬಿಡುವುದಿಲ್ಲ.