ಒಂಟಿಯಾಗಿ ಬಿಟ್ಟರೆ ಊಳಿಡುವ ನಾಯಿ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಸಾಕುನಾಯಿಗಳ ವರ್ತನೆಯ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ಬರುತ್ತವೆ: ಮನೆಯವರು ಹೊರಗೆ ಹೋದ ಕೂಡಲೇ ನಾಯಿ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಮನೆಯೊಳಗೇ ಮೂತ್ರ ಮಾಡುತ್ತದೆ. ಬರೆದವರಲ್ಲಿ ಬಹುಪಾಲು ಜನ ಅಷ್ಟರೊಳಗೆ ಯಾರದೋ ಮಾತು ಕೇಳಿ ನಾಯಿಯನ್ನು ಹೊಡೆದಿರುತ್ತಾರೆ, ಕೂಡಿಹಾಕಿರುತ್ತಾರೆ, ಇಲ್ಲವೇ ಕರೆಂಟ್ ಹೊಡೆಯುವ ಪಟ್ಟಿ ತರಿಸಿ ಅದರ ಕೊರಳಿಗೆ ಕಟ್ಟಿರುತ್ತಾರೆ. ಇವುಗಳಿಂದಾಗುವ ಹಾನಿಯನ್ನು ದಿನವೂ ನೋಡುತ್ತಿರುವುದರಿಂದ ಈ ಬಾರಿ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ನಾಯಿಗೆ ನಿತ್ಯ ವಾಕಿಂಗ್ ಬೇಕು, ಹೊರಗೆ ಹೋಗುವ ಮುನ್ನ ಅದನ್ನು ಮೂತ್ರಕ್ಕೆ ಕರೆದೊಯ್ಯಬೇಕು ಎಂಬಂಥವನ್ನು ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಡಾಕ್ಟರೇ, ನಮ್ಮ ಲ್ಯಾಬ್ರಡಾರ್ ರಾಕಿಗೆ ಎರಡೂವರೆ ವರ್ಷ. ನಾವಿಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂದ ಮರಿ. ಈಗ ವಾರಕ್ಕೆ ಮೂರು ದಿನ ಇಬ್ಬರೂ ಆಫೀಸಿಗೆ ಹೋಗಲೇಬೇಕು. ನಾವು ಲಿಫ್ಟ್ ಹತ್ತುವ ಮೊದಲೇ ಅಳಲು ಶುರು ಮಾಡುತ್ತಾನೆ ಎಂದು ಎದುರು ಮನೆಯವರು ಹೇಳುತ್ತಾರೆ. ಟ್ರೈನರ್ ಒಬ್ಬರು, ಮುದ್ದು ಮಾಡಿ ಕೆಡಿಸಿದ್ದೀರಿ, ಕ್ರೇಟಿಗೆ, ಅಂದರೆ ಪಂಜರಕ್ಕೆ, ಹಾಕಿ ಹೋಗಿ, ಅತ್ತು ಅತ್ತು ಸುಮ್ಮನಾಗುತ್ತಾನೆ ಎಂದರು. ಹಾಗೆಯೇ ಮಾಡಿದೆವು, ಉಗುರು ಕಿತ್ತು ರಕ್ತ ಬಂತು. ನಾವು ಮನೆಗೆ ಬಂದಾಗ ತಲೆ ತಗ್ಗಿಸಿ ಮೂಲೆ ಸೇರುತ್ತಾನೆ. ತಪ್ಪು ಎಂದು ಗೊತ್ತಿದ್ದೂ ಏಕೆ ಹೀಗೆ ಮಾಡುತ್ತಾನೆ? — ದಂಪತಿ, ಬೆಂಗಳೂರು

ಉತ್ತರ: ಮೊದಲು ಆ ಕ್ರೇಟನ್ನು ಅಟ್ಟಕ್ಕೆ ಹಾಕಿ. ಉಗುರು ಕಿತ್ತುಬರುವಷ್ಟು ಕೆರೆದ ನಾಯಿ ಹಟ ಮಾಡುತ್ತಿರಲಿಲ್ಲ. ಪ್ರಾಣಭಯದಿಂದ ತಪ್ಪಿಸಿಕೊಳ್ಳಲು ನೋಡುತ್ತಿತ್ತು. ಇದನ್ನು ಅಗಲಿಕೆಯ ಆತಂಕ ಎನ್ನುತ್ತೇವೆ. ಈಜು ಬಾರದವನನ್ನು ಬಾವಿಗೆ ತಳ್ಳಿದಂತೆ, ಅತ್ತು ಅತ್ತು ಸುಮ್ಮನಾಗಲಿ ಎಂದು ಬಿಟ್ಟ ನಾಯಿ ಕಲಿಯುವುದು ಭಯವನ್ನೇ. ಕೆಲವು ನಾಯಿಗಳು ಕೊನೆಗೆ ಸುಮ್ಮನಾಗುವುದೂ ನಿಜ, ಆದರೆ ಅದು ಸೋತು ಸುಸ್ತಾದ ಮೌನ. ಮರುದಿನ ನೀವು ಚಪ್ಪಲಿ ಮೆಟ್ಟುವಾಗಲೇ ನಡುಕ ಶುರುವಾಗುತ್ತದೆ.

ತಲೆ ತಗ್ಗಿಸುವುದರ ಬಗ್ಗೆ ಕೇಳಿದ್ದೀರಿ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಯಿಗೆ ತಿಂಡಿ ಮುಟ್ಟಬೇಡ ಎಂದು ಹೇಳಿ ಮಾಲೀಕರು ಕೋಣೆಯಿಂದ ಹೊರಗೆ ಹೋಗಿ ಬಂದರು. ನಾಯಿ ತಿಂಡಿ ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವೊಮ್ಮೆ ನಿಜವಾಗಿಯೂ ಕೆಲವೊಮ್ಮೆ ಸುಳ್ಳಾಗಿಯೂ ತಿಳಿಸಲಾಯಿತು. ತಪ್ಪಿತಸ್ಥ ಮುಖ ಕಂಡದ್ದು ಮಾಲೀಕರು ಗದರಿಸಿದಾಗ. ತಿಂಡಿಯನ್ನೇ ಮುಟ್ಟದ ನಾಯಿಗಳೂ ಬೈಗುಳ ಕೇಳಿದೊಡನೆ ಅದೇ ಮುಖ ಮಾಡಿದವು. ರಾಕಿ ಮೂಲೆ ಸೇರುವುದು ನಿಮ್ಮ ಮುಖ ನೋಡಿ. ಗಂಟೆಗಳ ಹಿಂದೆ ಕೆರೆದ ಬಾಗಿಲಿಗೂ ಈಗಿನ ಬೈಗುಳಕ್ಕೂ ಅದು ಸಂಬಂಧ ಕಲ್ಪಿಸಲಾರದು. ಗದರಿಸಿದರೆ, ನೀವು ಹೋಗುವ ಭಯದ ಮೇಲೆ ನೀವು ಮರಳಿ ಬರುವ ಭಯವೂ ಸೇರಿಕೊಳ್ಳುತ್ತದೆ.

ಇನ್ನು, ಇದು ಆತಂಕವೇ ಎಂದು ಖಚಿತಪಡಿಸಿಕೊಳ್ಳದೆ ಮುಂದುವರಿಯಬೇಡಿ. ಹಳೆಯ ಫೋನೊಂದನ್ನು ಬಾಗಿಲು ಕಾಣುವಂತೆ ಶೆಲ್ಫಿನಲ್ಲಿ ನಿಲ್ಲಿಸಿ, ವಿಡಿಯೊ ಕರೆ ಮಾಡಿಟ್ಟು ಹೊರಗೆ ಹೋಗಿ, ಮೆಟ್ಟಿಲಲ್ಲಿ ಕುಳಿತು ನೋಡಿ. ಬೇಸರಗೊಂಡ ನಾಯಿ ಒಂದಷ್ಟು ಹೊತ್ತು ಮಲಗಿ, ಎದ್ದು, ಸೋಫಾದ ದಿಂಬನ್ನೋ ಚಪ್ಪಲಿಯನ್ನೋ ಆರಾಮವಾಗಿ ಕಚ್ಚುತ್ತದೆ. ಆತಂಕದ ನಾಯಿಯ ಚಹರೆಯೇ ಬೇರೆ: ಸೆಕೆ ಇಲ್ಲದಿದ್ದರೂ ತೇಕುತ್ತದೆ, ಮತ್ತೆ ಮತ್ತೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಒಂದೇ ದಾರಿಯಲ್ಲಿ ಓಡಾಡುತ್ತದೆ. ಹಾನಿಯೆಲ್ಲ ಹೊರಗೆ ಹೋಗುವ ಜಾಗದಲ್ಲೇ ಇರುತ್ತದೆ. ಚೌಕಟ್ಟಿನ ಕೆಳಮೂಲೆಯಲ್ಲಿ ಉಗುರಿನ ಗೀರು, ಹೊಸ್ತಿಲ ಬಳಿ ಜೊಲ್ಲಿನ ಮಡು, ಟೈಲ್ಸಿನ ಮೇಲೆ ಪಾದದ ಬೆವರಿನ ಗುರುತು. ಮುಟ್ಟದೆ ಬಿಟ್ಟ ತಿಂಡಿಯೂ ಒಂದು ಸುಳಿವು. ಇವೆಲ್ಲ ಸಾಮಾನ್ಯವಾಗಿ ನೀವು ಹೋದ ಮೊದಲ ಅರ್ಧ ಗಂಟೆಯೊಳಗೆ, ಎಷ್ಟೋ ವೇಳೆ ಮೊದಲ ನಿಮಿಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಆತಂಕದ ಮೊದಲ ಗುರುತು ಎಷ್ಟನೆಯ ಸೆಕೆಂಡಿಗೆ ಕಂಡಿತು ಎಂದು ಬರೆದುಕೊಂಡು ತಕ್ಷಣ ಒಳಗೆ ಬನ್ನಿ. ಅದು ಪೂರ್ತಿ ಹೆದರುವವರೆಗೆ ಕಾಯುವ ಅಗತ್ಯವಿಲ್ಲ.

ನಿಮ್ಮ ತರಬೇತಿ ಶುರುವಾಗುವುದು ಆ ಸಂಖ್ಯೆಯಿಂದ. ಕ್ರಮ ಹೊಸದೇನಲ್ಲ, ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪಿ 1950ರ ದಶಕದಲ್ಲಿ ಮನುಷ್ಯರ ಭಯಗಳಿಗೆಂದು ರೂಪಿಸಿದ್ದು. ಭಯ ಹುಟ್ಟದಷ್ಟು ಸಣ್ಣ ಪ್ರಮಾಣದಲ್ಲಿ ಭಯದ ಕಾರಣವನ್ನು ಎದುರಿಗಿಟ್ಟು, ಮನಸ್ಸು ನಿರಾಳವಾಗಿರುವಾಗಲೇ ಪ್ರಮಾಣವನ್ನು ಇಷ್ಟಿಷ್ಟೇ ಹೆಚ್ಚಿಸುವುದು ಅದರ ತಿರುಳು. ರಾಕಿ ನಲವತ್ತನೆಯ ಸೆಕೆಂಡಿಗೆ ಕಸಿವಿಸಿಗೊಂಡರೆ ನೀವು ಹೊರಗೆ ಇರಬೇಕಾದದ್ದು ಹತ್ತು ಹದಿನೈದು ಸೆಕೆಂಡು ಮಾತ್ರ. ಬಾಗಿಲು ಮುಚ್ಚಿದ ಕೂಡಲೇ ಹೆದರುವ ನಾಯಿಯಾದರೆ ಚಿಲಕ ಮುಟ್ಟಿ ವಾಪಸಾಗುವುದೇ ಮೊದಲ ಪಾಠ. ಆಮೇಲೆ ಬಾಗಿಲು ತೆರೆದು ಮುಚ್ಚುವುದು, ಆಮೇಲೆ ಒಂದು ಹೆಜ್ಜೆ ಹೊಸ್ತಿಲು ದಾಟಿ ಬರುವುದು. ಹೋಗುವಾಗ ಸಮಾಧಾನದ ಮಾತು, ಬಂದಾಗ ಸಡಗರ ಎರಡೂ ಬೇಡ. ಪ್ರತಿ ಬಾರಿಯೂ ನಾಯಿ ಸಹಜ ಸ್ಥಿತಿಗೆ ಬಂದ ಮೇಲೆಯೇ ಮತ್ತೆ ಎದ್ದು ಹೋಗಿ. ಸಮಯವನ್ನು ಒಂದೇ ಸಮನೆ ಏರಿಸುತ್ತಾ ಹೋಗಬಾರದು. ಹತ್ತು ಸೆಕೆಂಡಿನ ನಂತರ ಮೂರು, ಆಮೇಲೆ ಹದಿನೈದು, ಮತ್ತೆ ಐದು, ಹೀಗೆ ಏರಿಳಿತವಿರಲಿ. ಇಲ್ಲದಿದ್ದರೆ ಪ್ರತಿ ಸಲವೂ ಇದು ಕಷ್ಟವಾಗುತ್ತಲೇ ಹೋಗುತ್ತದೆ ಎಂಬುದನ್ನೂ ನಾಯಿ ಕಲಿತುಬಿಡುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು, ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ. ಬೀಗದ ಕೈ, ಲ್ಯಾಪ್‌ಟಾಪ್ ಬ್ಯಾಗು, ಹೆಲ್ಮೆಟ್ಟು ಕಂಡೊಡನೆ ಹೆದರುವ ನಾಯಿಯಾದರೆ ಅವನ್ನು ಬೇರೆ ಹೊತ್ತಿನಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬನ್ನಿ, ಹೆಲ್ಮೆಟ್ ಹಾಕಿಕೊಂಡೇ ಟಿವಿ ಮುಂದೆ ಕುಳಿತುಕೊಳ್ಳಿ.

ಮೊಸರನ್ನ ತುಂಬಿ ಗಟ್ಟಿ ಮಾಡಿದ ರಬ್ಬರ್ ಆಟಿಕೆಯನ್ನು ಕೊಟ್ಟು ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಬೇಸರದ ನಾಯಿಗೆ ಅದು ಒಳ್ಳೆಯದು. ನಿಜವಾದ ಆತಂಕವಿರುವ ನಾಯಿ ಅದನ್ನು ಮುಟ್ಟುವುದಿಲ್ಲ, ಮುಟ್ಟಿದರೂ ತಿಂದು ಮುಗಿಸಿದ ಕ್ಷಣವೇ ಗಾಬರಿಯಾಗುತ್ತದೆ. ಕೆಲ ದಿನಗಳಲ್ಲಿ ಆ ಆಟಿಕೆ ಕಂಡರೇ ನೀವು ಹೊರಟಿರಿ ಎಂದು ತಿಳಿದುಕೊಳ್ಳುತ್ತದೆ. ಆದ್ದರಿಂದ ಈ ಪಾಠಗಳಲ್ಲಿ ತಿಂಡಿ ಬಳಸಬೇಡಿ ಎಂಬುದೇ ನನ್ನ ಸಲಹೆ.

ಈಗ ಹೇಳುವ ಮಾತು ಯಾರಿಗೂ ಹಿಡಿಸುವುದಿಲ್ಲ, ಆದರೆ ಇದಿಲ್ಲದೆ ಮೇಲಿನ ಎಲ್ಲವೂ ವ್ಯರ್ಥ. ತರಬೇತಿ ನಡೆಯುವಷ್ಟು ಕಾಲ ನಾಯಿಯನ್ನು ಅದು ತಡೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಲೇಬಾರದು. ಬೆಳಿಗ್ಗೆ ಇಪ್ಪತ್ತು ಸೆಕೆಂಡಿನ ಪಾಠ ಮಾಡಿ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಎಂಟು ಗಂಟೆ ಹೊರಗಿದ್ದರೆ, ಆ ದಿನ ನಾಯಿ ಕಲಿತದ್ದು ಎಂಟು ಗಂಟೆಯ ಪಾಠವನ್ನೇ. ಇಬ್ಬರ ಆಫೀಸಿನ ದಿನಗಳನ್ನು ಬೇರೆ ಬೇರೆ ಮಾಡಿಕೊಳ್ಳಲು ಸಾಧ್ಯವೇ ನೋಡಿ. ಊರಿನಿಂದ ಅಮ್ಮನೋ ಅತ್ತೆಯೋ ಬಂದಿರಬಹುದೇ, ಅದೇ ಮಹಡಿಯ ನಿವೃತ್ತರೊಬ್ಬರು ಜೊತೆಗಿರಬಹುದೇ, ಹಗಲು ನೋಡಿಕೊಳ್ಳುವ ಒಳ್ಳೆಯ ಕೇಂದ್ರ ಹತ್ತಿರವಿದೆಯೇ ವಿಚಾರಿಸಿ. ಬಹಳಷ್ಟು ನಾಯಿಗಳಿಗೆ ಯಾರಾದರೊಬ್ಬ ಮನುಷ್ಯರಿದ್ದರೆ ಸಾಕು, ನೀವೇ ಆಗಬೇಕೆಂದಿಲ್ಲ. ಖರ್ಚಾಗುತ್ತದೆ, ನೆಂಟರ ಮುಂದೆ ಸಂಕೋಚವಾಗುತ್ತದೆ, ಎಲ್ಲವೂ ನಿಜ. ಆದರೂ ಈ ಷರತ್ತನ್ನು ನಾನು ಸಡಿಲಿಸಲಾರೆ.

ಎಷ್ಟು ದಿನ ಬೇಕು ಎಂದು ಕೇಳುವಿರಿ. ವಾರಗಳಲ್ಲ, ತಿಂಗಳುಗಳು ಎಂದೇ ಇಟ್ಟುಕೊಳ್ಳಿ. ಮೊದಲ ಅರ್ಧ ಗಂಟೆಯನ್ನು ತಲುಪುವುದೇ ಕಠಿಣ, ಆಮೇಲೆ ಹೆಜ್ಜೆಗಳನ್ನು ದೊಡ್ಡದು ಮಾಡಬಹುದು. ಕಾಯಿಲೆ, ಮನೆ ಬದಲಾವಣೆ, ದೀಪಾವಳಿಯ ಪಟಾಕಿ ಇವುಗಳ ನಂತರ ನಾಯಿ ಹಿಂದಕ್ಕೆ ಜಾರುವುದು ಸಾಮಾನ್ಯ. ಆಗ ಸಮಯವನ್ನು ಕಡಿಮೆ ಮಾಡಿ ಮತ್ತೆ ಏರಬೇಕು. ಮೂರನೆಯ ದಿನವೇ ಫೋನ್ ಮಾಡಿ ಪ್ರಯೋಜನವಾಗಲಿಲ್ಲ ಎನ್ನುವವರಿಗೆ ನನ್ನ ಬಳಿ ಬೇರೆ ದಾರಿಯಿಲ್ಲ.

ಔಷಧದ ವಿಚಾರ. ಉಗುರು ಕಿತ್ತುಕೊಳ್ಳುವ ಮಟ್ಟಕ್ಕೆ ಹೋಗಿರುವ ರಾಕಿಗೆ ಔಷಧ ಬೇಕಾಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ನಾಯಿಗಳ ಅಗಲಿಕೆಯ ಆತಂಕಕ್ಕೆಂದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕ್ಲೋಮಿಪ್ರಮೀನ್‌ಗೆ 1998ರಲ್ಲಿ, ಫ್ಲುಯೊಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ನೀಡಿತು. ಎರಡನ್ನೂ ತರಬೇತಿಯ ಜೊತೆಗೇ ಕೊಡಬೇಕು. ಇವುಗಳ ಪರಿಣಾಮ ಪೂರ್ಣವಾಗಿ ಕಾಣಲು ಹಲವು ವಾರಗಳು ಬೇಕು, ಮಧ್ಯದಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಇವು ಸಲ್ಲವು. ನಮ್ಮಲ್ಲಿ ಯಾರೂ ಗಮನಿಸದ ಇನ್ನೊಂದು ಅಪಾಯವಿದೆ: ಉಣ್ಣೆಹುಳ ಮತ್ತು ಕಜ್ಜಿಗೆ ಮೈಗೆ ಹಚ್ಚುವ ಅಮಿತ್ರಾಜ್ ದ್ರಾವಣವನ್ನು ಈ ಮಾತ್ರೆಗಳ ಜೊತೆ ಬಳಸಲೇಬಾರದು. ನಾಯಿಗೆ ಉಣ್ಣೆಹುಳಕ್ಕೆ ಏನು ಹಾಕುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮೆಡಿಕಲ್ ಶಾಪಿನವರು ಕೊಟ್ಟ ಮನುಷ್ಯರ ನಿದ್ದೆ ಮಾತ್ರೆಯನ್ನು ಅರ್ಧ ಮಾಡಿ ಹಾಕುವವರಿಗೆ ಹೇಳಬೇಕಾದದ್ದು ಒಂದೇ: ನಿಲ್ಲಿಸಿ. ಅಸೆಪ್ರೊಮಜಿನ್‌ನಂಥ ಮಂಪರು ಔಷಧಗಳನ್ನೂ ಇದಕ್ಕೆ ಬಳಸಬಾರದು. ಅವು ಮೈಯನ್ನು ಸೋಲಿಸುತ್ತವೆ, ಭಯ ಹಾಗೆಯೇ ಉಳಿಯುತ್ತದೆ, ಹೆದರಿದ ನಾಯಿಗೆ ಓಡಲೂ ಆಗುವುದಿಲ್ಲ.

ಪ್ರಶ್ನೆ: ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆಯೇ? — ಮೈಸೂರು

ಉತ್ತರ: ಸಾಮಾನ್ಯವಾಗಿ ಇಲ್ಲ. ನಿಮ್ಮ ನಾಯಿಗೆ ಬೇಕಾಗಿರುವುದು ಮನುಷ್ಯರ ಸಂಗ. ಇನ್ನೊಂದು ನಾಯಿಯನ್ನು ಸಾಕುವ ಆಸೆ ನಿಮಗೇ ಇದ್ದರೆ ತನ್ನಿ, ಇದರ ಆತಂಕಕ್ಕೆ ಮದ್ದೆಂದು ತರಬೇಡಿ.

ಪ್ರಶ್ನೆ: ಬೊಗಳಿದರೆ ಶಾಕ್ ಕೊಡುವ ಬೆಲ್ಟು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ತರಿಸಬಹುದೇ? — ಬೆಂಗಳೂರು

ಉತ್ತರ: ಖಂಡಿತ ಬೇಡ. ಹೆದರಿ ಅಳುವ ಪ್ರಾಣಿಗೆ ಅತ್ತದ್ದಕ್ಕಾಗಿ ನೋವು ಕೊಡುವ ಉಪಕರಣ ಅದು. ವೇಲ್ಸ್ ದೇಶವು ಇಂಥ ಪಟ್ಟಿಗಳನ್ನು 2010ರಲ್ಲೇ ನಿಷೇಧಿಸಿದೆ.

ಪ್ರಶ್ನೆ: ಮೂವತ್ತು ದಿನ ತಮ್ಮಲ್ಲಿ ಇಟ್ಟುಕೊಂಡು, ನಾಯಿಗೆ ನೀವೇ ಯಜಮಾನರೆಂದು ಕಲಿಸಿ ಗ್ಯಾರಂಟಿಯಾಗಿ ಸರಿಮಾಡುತ್ತೇವೆ ಎನ್ನುತ್ತಿದ್ದಾರೆ. ಕಳಿಸಲೇ? — ಮಂಗಳೂರು

ಉತ್ತರ: ಕಳಿಸಬೇಡಿ. ನಾಯಿ ಹೆದರುವುದು ನಿಮ್ಮ ಮನೆಯಲ್ಲಿ, ನಿಮ್ಮ ಬಾಗಿಲು ಮುಚ್ಚಿದಾಗ. ಬೇರೆ ಊರಿನ ಶೆಡ್ಡಿನಲ್ಲಿ ಅದಕ್ಕೆ ಪಾಠವಾಗುವುದಿಲ್ಲ. ಗುಂಪಿನಲ್ಲಿ ಬಲದಿಂದ ಮೇಲೇರಿದವನೇ ಉಳಿದವರನ್ನು ಆಳುತ್ತಾನೆ ಎನ್ನುವ ಈ ಯಜಮಾನಿಕೆಯ ಸಿದ್ಧಾಂತ ಹುಟ್ಟಿದ್ದು ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳತಜ್ಞ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಗುಂಪು ಬಹುಮಟ್ಟಿಗೆ ತಂದೆತಾಯಿ ಮತ್ತು ಮಕ್ಕಳ ಸಂಸಾರ ಎಂದು 1999ರಲ್ಲಿ ಬರೆದು ಅದನ್ನು ತಿದ್ದಿದರು. ನಡವಳಿಕೆಯ ವಿಷಯದಲ್ಲಿ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಪ್ರಶ್ನೆ: ದೃಷ್ಟಿಯಾಗಿದೆ, ತಾಯತ ಕಟ್ಟಿ ಎನ್ನುತ್ತಾರೆ. — ಚನ್ನಪಟ್ಟಣ

ಉತ್ತರ: ಕಟ್ಟಬೇಡಿ, ನಾಯಿ ಅದನ್ನು ಕಚ್ಚಿ ನುಂಗಿದರೆ ಕರುಳಿನ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಪ್ರಶ್ನೆ: ಹನ್ನೆರಡು ವರ್ಷದ ಪಾಮೆರೇನಿಯನ್ ಇತ್ತೀಚೆಗೆ ನಾವು ಮನೆಯಲ್ಲಿದ್ದರೂ ರಾತ್ರಿ ಊಳಿಡುತ್ತದೆ, ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. — ಹುಬ್ಬಳ್ಳಿ

ಉತ್ತರ: ನೀವು ಮನೆಯಲ್ಲಿದ್ದಾಗಲೂ ಊಳಿಡುತ್ತದೆ ಎಂದ ಮೇಲೆ ಇದನ್ನು ಅಗಲಿಕೆಯ ಆತಂಕ ಎನ್ನಲಾಗದು. ಮುಪ್ಪಿನ ಮರೆವು, ಕಣ್ಣು ಕಿವಿ ಮಂದವಾಗಿರುವುದು, ಕೀಲುನೋವು, ಇವುಗಳಲ್ಲಿ ಯಾವುದೂ ಆಗಿರಬಹುದು. ತರಬೇತಿಯ ಮಾತು ಆಮೇಲೆ; ಈ ವಾರವೇ ಪೂರ್ತಿ ತಪಾಸಣೆ ಮಾಡಿಸಿ, ರಾತ್ರಿಯ ವಿಡಿಯೊ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಾಯಿ ಬೊಗಳುತ್ತದೆ, ಕಳಿಸಿಬಿಡಿ ಎಂದು ಅಪಾರ್ಟ್‌ಮೆಂಟಿನ ಸಂಘ ನೋಟಿಸ್ ಕೊಟ್ಟಿದೆ. — ಬೆಂಗಳೂರು

ಉತ್ತರ: ಸಾಕುಪ್ರಾಣಿಗಳನ್ನು ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ, ಎಡೆಬಿಡದ ಬೊಗಳಾಟದಿಂದ ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕೆಂದು ಮಾಲೀಕರಿಗೂ ಹೇಳುತ್ತದೆ. ಮೊದಲ ಭಾಗವನ್ನಷ್ಟೇ ಓದಿ ಜಗಳಕ್ಕೆ ಹೋಗಬೇಡಿ. ವೈದ್ಯರ ಚೀಟಿಯ ಪ್ರತಿಯೊಂದಿಗೆ, ಚಿಕಿತ್ಸೆ ಮತ್ತು ತರಬೇತಿ ನಡೆಯುತ್ತಿದೆ, ಈ ಅವಧಿಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡುವುದಿಲ್ಲ ಎಂದು ಕಾಗದ ಬರೆದು ಕೊಡಿ, ಬರೆದಂತೆಯೇ ನಡೆದುಕೊಳ್ಳಿ. ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ನಾಯಿ ಅಳುವುದು ಕೇಳಿಸಿದರೆ ಆ ಕ್ಷಣವೇ ತಿಳಿಸುವಂತೆ ಕೇಳಿಕೊಳ್ಳಿ.