ಆ ಕೊನೆಯ ಕಂತಿನಲ್ಲಿ ಏನಾಯ್ತು?

ಬಸವೇಶ್ವರನಗರದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮೂರು ಪುಟದ ಕಾಗದದ ಸಾರ ಇಷ್ಟು:

"ನನಗೆ 41 ವರ್ಷ. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ವಿಪರೀತ ಓದುತ್ತಿದ್ದೆ. ತುಮಕೂರಿನ ಅಜ್ಜಿ ಮನೆಯಲ್ಲಿ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಬೈಂಡ್ ಮಾಡಿಸಿ ಇಟ್ಟಿದ್ದರು. ರಜೆ ಬಂತೆಂದರೆ ಅದೇ ಕೆಲಸ. ಒಂದರಲ್ಲಿ ಮಾತ್ರ ಕೊನೆಯ ಕಂತೇ ಇರಲಿಲ್ಲ. ಆ ಹುಡುಗಿ ಬೆಳಗಿನ ಬಸ್ ಹತ್ತಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಇಂಜಿನಿಯರಿಂಗ್, ಕೆಲಸ, ಮಕ್ಕಳು, ಓದು ನಿಂತೇ ಹೋಯಿತು. ಈಗ ಮತ್ತೆ ಆಸೆಯಾಗಿದೆ. ಅಪಾರ್ಟ್‌ಮೆಂಟಿನ ಪುಸ್ತಕ ಗುಂಪಿನ ಸ್ನೇಹಿತರೊಬ್ಬರು ಹನ್ನೆರಡು ಪುಸ್ತಕಗಳ ಪಟ್ಟಿ ಕೊಟ್ಟರು. ಮೊದಲನೆಯದು 'ಮಲೆಗಳಲ್ಲಿ ಮದುಮಗಳು'. ಮೂರು ಸಲ ಶುರು ಮಾಡಿದೆ, ಮೂರು ಸಲವೂ ಅರವತ್ತು ಪುಟದೊಳಗೇ ನಿಂತೆ. ಕ್ಷಮಿಸಿ, ನನ್ನ ತಲೆಗೆ ತುಕ್ಕು ಹಿಡಿದಿದೆಯಾ? ನಿಜ ಹೇಳಬೇಕೆಂದರೆ ತ್ರಿವೇಣಿ ಓದಬೇಕು ಅನ್ನಿಸುತ್ತಿದೆ. ಗುಂಪಿನಲ್ಲಿ ಹೇಳಿದರೆ ನಗುತ್ತಾರೇನೋ. ಓದಲೇಬೇಕಾದ ಹತ್ತು ಪುಸ್ತಕ ತಿಳಿಸಿ."

ಮೇಡಂ, ಮೊದಲು ನಿಮ್ಮನ್ನು ಸ್ವಲ್ಪ ಬೈಯಬೇಕು. ಆ ಮೂರು ಪುಟಗಳಲ್ಲಿ 'ಕ್ಷಮಿಸಿ' ಐದು ಸಲ ಬಂದಿದೆ, ಎಣಿಸಿದೆ. ಕಥೆ ಓದುವ ಆಸೆಯಾಗಿದೆ ಅನ್ನುವುದಕ್ಕೆ ಯಾರ ಕ್ಷಮೆ ಬೇಕು? ಮಸಾಲೆ ದೋಸೆ ತಿನ್ನಬೇಕು ಅನ್ನಿಸಿದರೆ ವಿದ್ಯಾರ್ಥಿ ಭವನದ ಮುಂದೆ ಹೋಗಿ ನಿಲ್ಲುತ್ತೇವೆ, ಯಾರಿಗೂ ವಿವರಣೆ ಕೊಡುವುದಿಲ್ಲ. ಕಾದಂಬರಿಯ ವಿಷಯ ಬಂದಾಗ ಮಾತ್ರ ಇದು ಆರೋಗ್ಯಕ್ಕೆ ಒಳ್ಳೆಯದಾ, ನಾಲ್ಕು ಜನ ಏನಂತಾರೆ ಎಂಬ ಯೋಚನೆ.

ನಿಮ್ಮ ಸ್ನೇಹಿತರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತಿ ಅನ್ನಬೇಡಿ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ದೊಡ್ಡ ಪುಸ್ತಕ. ಗಾತ್ರದಲ್ಲಿ ಮಾತ್ರ ಅಲ್ಲ. ಗುತ್ತಿ ಮತ್ತವನ ನಾಯಿ ಹುಲಿಯನ ಜೊತೆ ಒಮ್ಮೆ ಕಾಡು ಹೊಕ್ಕವರು ಬೇಗ ಈಚೆ ಬರುವುದಿಲ್ಲ. ಆದರೆ ಅದನ್ನು ನಾನು ಮುಗಿಸಿದ್ದು ಯಾವಾಗ ಗೊತ್ತಾ? ನಲವತ್ತನಾಲ್ಕನೇ ವಯಸ್ಸಿನಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಆರು ವಾರ ಮಲಗಿದ್ದಾಗ. ಅದಕ್ಕೆ ಮೊದಲು ನಾನೂ ಎರಡು ಸಲ ಸೋತಿದ್ದೆ. ಆಗಲೇ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ, ಯಾರಾದರೂ ಕೇಳಿದರೆ ತಲೆಯಾಡಿಸಿ ಮಾತು ಬದಲಾಯಿಸುತ್ತಿದ್ದೆ. ಸಾಹಿತ್ಯದವರಲ್ಲಿ ಹೀಗೆ ತಲೆಯಾಡಿಸುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಮೆಜೆಸ್ಟಿಕ್ ಬರುವ ಹೊತ್ತಿಗೆ ಉಸಿರಾಡಲು ಜಾಗ ಇರದ ಮೆಟ್ರೋದಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದರಲ್ಲಿ ಇಟ್ಟಿಗೆ ತೂಕದ ಕುವೆಂಪು! ಪುಸ್ತಕದ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಇಪ್ಪತ್ತು ವರ್ಷ ಓಡದವರನ್ನು ಎಬ್ಬಿಸಿ ಸೀದಾ ಮ್ಯಾರಥಾನಿಗೆ ಕಳಿಸಿದರಲ್ಲ, ಆ ಪಟ್ಟಿಯವರದು.

ನಿಮ್ಮ ಕಾಗದದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಬೇರೆಯೇ ಇದೆ. ಆ ಹುಡುಗಿ ಬೆಳಗಿನ ಬಸ್ ಹತ್ತಿದಳೋ ಇಲ್ಲವೋ. ಇಪ್ಪತ್ತೈದು ವರ್ಷ ಕಳೆದಿದೆ, ಕಾದಂಬರಿಯ ಹೆಸರು ಮರೆತಿದ್ದೀರಿ, ಬರೆದವರು ಯಾರೋ ಗೊತ್ತಿಲ್ಲ, ಆದರೆ ಬಸ್ಸು ಇನ್ನೂ ನಿಂತಿದೆ. ತಲೆಗೆ ತುಕ್ಕು ಹಿಡಿದವರ ಲಕ್ಷಣವಾ ಇದು? 'ಮುಂದೇನಾಯ್ತು' ಎಂಬ ಈ ಚಡಪಡಿಕೆ ಇದೆಯಲ್ಲ, ಓದು ಹುಟ್ಟುವುದೇ ಅಲ್ಲಿ. ಆಮೇಲೆ ಭಾಷೆಯ ಸೊಗಸು, ಜೀವನದರ್ಶನ, ಎಲ್ಲ ಬರಲಿ, ಬೇಡ ಅಂದವರು ಯಾರು?

ನಮ್ಮ ಸೋದರತ್ತೆ ಚಾಮರಾಜಪೇಟೆಯಲ್ಲಿದ್ದರು. ಅವರ ಮನೆಯಿಂದ ಎರಡು ಬೀದಿ ಆಚೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಲೈಬ್ರರಿ ಅಂದರೆ ಏನು, ಒಂದು ಮಳಿಗೆ, ಮೂರು ಗೋಡೆಗೂ ಪುಸ್ತಕ, ಬಾಗಿಲಲ್ಲಿ ಒಂದು ಮೇಜು. ಎಲ್ಲ ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ, ಬೆನ್ನಿಗೆ ನಂಬರ್. ಠೇವಣಿ ಐದು ರೂಪಾಯಿ, ಬಾಡಿಗೆ ದಿನಕ್ಕೆ ಹತ್ತು ಪೈಸೆ. ತಂದುಕೊಡುವ ಕೆಲಸ ನನ್ನದು, ಆಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಅತ್ತೆ ಎಡಗೈಯಲ್ಲಿ ತ್ರಿವೇಣಿಯನ್ನು ಹಿಡಿದು ಬಲಗೈಯಲ್ಲಿ ಹುಳಿ ಕದಡುತ್ತಿದ್ದರು. ಎಷ್ಟೋ ಪುಟಗಳಲ್ಲಿ ಅರಿಶಿನದ ಬೆರಳಿನ ಗುರುತು, ಅದರಲ್ಲಿ ಅರ್ಧ ನಮ್ಮ ಅತ್ತೆಯದೇ ಇರಬೇಕು. ಪತ್ತೇದಾರಿ ಕಾದಂಬರಿಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಡುತ್ತಿದ್ದ. ಬೀದಿಯವರೆಲ್ಲ ಅವನಿಗೆ ಶಾಪ ಹಾಕುತ್ತಿದ್ದರು. ಯಾರು ಅಂತ ಕೊನೆಗೂ ಪತ್ತೆಯಾಗಲಿಲ್ಲ.

ಆ ಮೇಜಿನ ಹಿಂದೆ ಕೂತಿದ್ದ ರಾಯರಿಗೆ ಪುಸ್ತಕಕ್ಕಿಂತ ಓದುವವರು ಚೆನ್ನಾಗಿ ಗೊತ್ತಿದ್ದರು. ನಾನು ಹೋದರೆ "ಏನು, ನಿಮ್ಮತ್ತೆಗೆ ಈ ವಾರ ಅಳಬೇಕಂತೋ, ನಗಬೇಕಂತೋ?" ಎಂದು ಕೇಳುತ್ತಿದ್ದರು. 1977ರ ಜ್ಞಾನಪೀಠ ಕಾರಂತರಿಗೆ ಬಂತಲ್ಲ, ಅದರ ಸುದ್ದಿ ಎಲ್ಲರ ಬಾಯಲ್ಲಿದ್ದಾಗ ರಾಯರು 'ಮೂಕಜ್ಜಿಯ ಕನಸುಗಳು' ಎತ್ತಿ ಕೊಟ್ಟರು. "ಪ್ರಶಸ್ತಿ ವಿಷಯ ಹೇಳಬೇಡ, ಹೆದರಿಕೊಂಡು ತೆರೆಯೋದೇ ಇಲ್ಲ. ಒಬ್ಬಳು ಅಜ್ಜಿ ಇದ್ದಾಳೆ, ಯಾವ ವಸ್ತು ಮುಟ್ಟಿದರೂ ಅದರ ಹಿಂದಿನ ಕಥೆಯೆಲ್ಲ ಅವಳಿಗೆ ಕಾಣುತ್ತೆ ಅಂತ ಅಷ್ಟೇ ಹೇಳು. ಬೇಜಾರಾದರೆ ನಾಳೆನೇ ವಾಪಸ್ ತಾ, ಬಾಡಿಗೆ ಬೇಡ." ಅತ್ತೆ ನಾಲ್ಕು ದಿನ ಇಟ್ಟುಕೊಂಡರು, ನಲವತ್ತು ಪೈಸೆ. ವಾಪಸ್ ಕೊಡುವಾಗ "ಅಜ್ಜಿ ಗಟ್ಟಿಗಿತ್ತಿ. ಇಂಥದ್ದೇ ಇನ್ನೊಂದು ಇದ್ದರೆ ಕೇಳು" ಅಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಕಾರಂತರ ಹತ್ತಿರ ಹೋದದ್ದು ತ್ರಿವೇಣಿಯ ಕೈ ಹಿಡಿದುಕೊಂಡು. ಯಾವ ವಿಚಾರ ಸಂಕಿರಣವೂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ.

ಇನ್ನು ತ್ರಿವೇಣಿ ಅಂದರೆ ನಗುತ್ತಾರೆ ಅಂದಿರಲ್ಲ. ನಗಲಿ ಬಿಡಿ, ಅವರು ಓದಿರುವುದಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, 1963ರಲ್ಲಿ ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡ ಹೆಂಗಸು. ಅಷ್ಟರಲ್ಲಿ ಇಪ್ಪತ್ತು ಕಾದಂಬರಿಗಳಷ್ಟು ಬರೆದಿದ್ದರು. 'ಶರಪಂಜರ'ದಲ್ಲಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳನ್ನು ಮನೆಯವರು ಹೇಗೆ ನೋಡುತ್ತಾರೆ ಎಂಬುದೇ ಕಥೆ. ಅವಳು ಸ್ವಲ್ಪ ಜೋರಾಗಿ ಮಾತಾಡಿದರೂ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇವತ್ತು ಕಂಪನಿಗಳಲ್ಲಿ ಮಾನಸಿಕ ಆರೋಗ್ಯ ಅಂತ ವರ್ಷಕ್ಕೊಂದು ದಿನ ಬಲೂನು ಕಟ್ಟಿ ಭಾಷಣ ಮಾಡಿಸುತ್ತಾರೆ. ಆ ಕಾಲದಲ್ಲೇ ಈ ಮಾತು ನಮ್ಮ ಅತ್ತೆಯ ಒಲೆಯ ಮುಂದೆ ಬಂದು ಕೂತಿತ್ತು, ಹತ್ತು ಪೈಸೆ ಬಾಡಿಗೆಗೆ. ಎಂ.ಕೆ. ಇಂದಿರಾ ಅವರದೂ ಇದೇ ಕಥೆ. ಮೊದಲ ಕಾದಂಬರಿ ಬಂದಾಗ ನಲವತ್ತೈದು ದಾಟಿತ್ತು. ನಿಮಗಿಂತ ದೊಡ್ಡವರು, ಓದುವುದಕ್ಕಲ್ಲ, ಬರೆಯುವುದಕ್ಕೆ ಶುರು ಮಾಡಿದರು! ತಾಯಿಯಿಂದ ಕೇಳಿದ ಒಬ್ಬ ಬಾಲವಿಧವೆಯ ಬದುಕನ್ನು 'ಫಣಿಯಮ್ಮ' ಮಾಡಿದರು. ಅದನ್ನು ಮಾತ್ರ ಮೆಟ್ರೋದಲ್ಲಿ ಓದಬೇಡಿ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ.

ಇವರನ್ನೆಲ್ಲ ಒಂದು ಮೂಟೆ ಕಟ್ಟಿ 'ಜನಪ್ರಿಯ' ಎಂಬ ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದವರು ಯಾರು ಸ್ವಾಮಿ? ಜನರಿಗೆ ಪ್ರಿಯವಾದದ್ದು ಎಂಬ ಮಾತು ಬೈಗುಳ ಆಗಿದ್ದು ಹೇಗೆ? ಕೆಲವು ವರ್ಷದ ಹಿಂದೆ ಒಂದು ಸಭೆಯಲ್ಲಿ ವಿದ್ವಾಂಸರೊಬ್ಬರು "ಅಡುಗೆಮನೆ ಸಾಹಿತ್ಯ" ಎಂದು ಮೂಗು ಮುರಿದರು. ಊಟದ ಹೊತ್ತಿಗೆ ಹೋಳಿಗೆಯ ಸಾಲಿನಲ್ಲಿ ಮೊದಲು ನಿಂತಿದ್ದವರು ಅವರೇ, ಅಡುಗೆಮನೆಯ ಮೇಲೆ ಆಗ ಸಿಟ್ಟೇನೂ ಇದ್ದಂತೆ ಕಾಣಲಿಲ್ಲ. ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿಯವರೆಗೆ ಓದಿದವರು. ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರಿಂದ ಓದು ಕಲಿತವರ ಲೆಕ್ಕ ಯಾರ ಹತ್ತಿರ ಇದೆ? ಅದಕ್ಕೂ ಹಿಂದೆ ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ಅಲೆದು ಮಾರಿದರು. ಓದುಗರ ಮನೆ ಬಾಗಿಲಿಗೆ ಲೇಖಕ ಹೋಗುತ್ತಿದ್ದ ಕಾಲ ಅದು. ಈಗ ಓದುಗನೇ ಕೈಕಟ್ಟಿ ನಿಂತು, ಸಾರ್ ನನಗೆ ಇದು ಓದುವ ಯೋಗ್ಯತೆ ಇದೆಯಾ ಎಂದು ಕೇಳಬೇಕು.

ಸಿಟ್ಟು ಬಂದಿದೆ, ಕಾಫಿ ಕುಡಿದು ಬಂದೆ.

ಸರಿ, ಪುಸ್ತಕಗಳು. ಹತ್ತು ಕೇಳಿದ್ದೀರಿ, ಮೂರೇ ಹೇಳುತ್ತೇನೆ. ಹತ್ತು ಅಂದರೆ ಮತ್ತೆ ಸಿಲಬಸ್ ಆಗುತ್ತೆ, ಮುಗಿಸಿದ್ದಕ್ಕೆ ಟಿಕ್ ಹಾಕುತ್ತೀರಿ. 'ಓದಲೇಬೇಕಾದ' ಎಂಬ ಮಾತನ್ನೂ ಬಿಡಿ, ನಮ್ಮ ಶಾಲೆಗಳು ಪಾಠದ ಕೊನೆಗೆ 'ಸಾರಾಂಶ ಬರೆಯಿರಿ' ಎಂದು ಹಾಕಿ ಮಾಡಿದ ಅನಾಹುತವೇ ಸಾಕು.

ಒಂದು, ಹೇಗೂ ಆಸೆಯಾಗಿದೆ, 'ಶರಪಂಜರ'. ಸಿನಿಮಾ ನೋಡಿದ್ದರೂ ಓದಿ.

ಎರಡು, ತೇಜಸ್ವಿಯವರ 'ಕರ್ವಾಲೊ', 1980ರದು. ಚಿಕ್ಕ ಪುಸ್ತಕ, ಕೈಚೀಲದಲ್ಲಿ ಹಿಡಿಯುತ್ತೆ. ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಬೇಸಾಯದಲ್ಲಿ ಬೇಸತ್ತ ಒಬ್ಬ ಕೃಷಿಕ, ಊರವರೆಲ್ಲ ಪೆದ್ದ ಅಂದುಕೊಂಡಿರುವ ಮಂದಣ್ಣ, ಒಂದು ನಾಯಿ, ಎಲ್ಲರೂ ಕಾಡಿಗೆ ಹೊರಡುತ್ತಾರೆ. ಓತಿ ಸಿಗುತ್ತಾ ಇಲ್ಲವಾ ಎಂದು ನೋಡುತ್ತ ನೋಡುತ್ತ ಇಂದಿರಾನಗರ ಬಂದಿರುತ್ತೆ. ಮಜಾ ಏನೆಂದರೆ ಇದನ್ನು ಆ ಗಂಭೀರ ಓದಿನವರೂ ಒಪ್ಪುತ್ತಾರೆ, ಅವರ ಪಟ್ಟಿಯಲ್ಲೂ ಇದೆ. ನಗು ಬರುವ, ಓಡಿಸಿಕೊಂಡು ಹೋಗುವ ಪುಸ್ತಕವೂ ದೊಡ್ಡದಾಗಿರಬಹುದು ಎಂದು ಅವರಿಗೂ ಗೊತ್ತು. ಸುಮ್ನೆ ಬಾಯಿ ಬಿಟ್ಟು ಹೇಳುವುದಿಲ್ಲ.

ಮೂರು, ವಿವೇಕ ಶಾನಭಾಗರ 'ಘಾಚರ್ ಘೋಚರ್'. ನಮ್ಮ ಬೆಂಗಳೂರಿನದೇ ಕಥೆ, ದಿಢೀರ್ ದುಡ್ಡು ಬಂದ ಒಂದು ಮನೆ. ಒಂದೇ ದಿನದ ಹೋಗು-ಬರುವಿನಲ್ಲಿ ಮುಗಿದರೂ ಮುಗಿಯಿತು. ಆದರೆ ಮುಗಿದ ಮೇಲೆ ಮನೆಯಲ್ಲಿ ಎಲ್ಲರ ಮುಖ ಒಂದು ತರಹ ನೋಡುತ್ತೀರಿ, ಯಜಮಾನರಿಗೆ ಮೊದಲೇ ಹೇಳಿಟ್ಟಿರಿ.

ಮೂರರಲ್ಲಿ ಯಾವುದಾದರೂ ಇಪ್ಪತ್ತು ಪುಟಕ್ಕೆ ಹಿಡಿಸದಿದ್ದರೆ ಮುಚ್ಚಿಡಿ. ನಮ್ಮ ರಾಯರ ನಿಯಮ ಅದೇ, ನಾಳೆನೇ ವಾಪಸ್, ಬಾಡಿಗೆ ಬೇಡ.

ಎಲ್ಲಿ ಸಿಗುತ್ತೆ ಅಂತಲೂ ಕೇಳಿದ್ದೀರಿ. ಗಾಂಧಿ ಬಜಾರಿನ ಅಂಕಿತಕ್ಕೆ ಹೋಗಿ, ಗಾಂಧಿನಗರದ ಸಪ್ನಕ್ಕೆ ಹೋಗಿ. ಹಳೆಯದು ಬೇಕಾದರೆ ಅವೆನ್ಯೂ ರಸ್ತೆ. ಮನೆಗೆ ತರಿಸಿಕೊಳ್ಳಬೇಡಿ ಅನ್ನುವುದಿಲ್ಲ, ನಾನೂ ತರಿಸುತ್ತೇನೆ, ಆದರೆ ನಿಂತು ನಾಲ್ಕು ಪುಟ ಓದಿ ಮೂತಿ ಸೊಟ್ಟ ಮಾಡಿ ವಾಪಸ್ ಇಡುವ ಸುಖ ಅದರಲ್ಲಿ ಇಲ್ಲ. ನಮ್ಮ ರಾಯರ ಮಳಿಗೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಇನ್ನು ಸರ್ಕಾರಿ ಗ್ರಂಥಾಲಯ ಇದೆಯಲ್ಲ ಅನ್ನಬಹುದು. ಇದೆ. 1965ರ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೂ ಸೇರಿದೆ, ರಸೀದಿ ತೆಗೆದು ನೋಡಿ. ಅಂದರೆ ಆ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದೊಳಗೆ ಒಮ್ಮೆ ಹೋಗಿ ಬನ್ನಿ, ನೂರು ವರ್ಷ ದಾಟಿದ ಕಟ್ಟಡ. ನಾನು ಹೋದಾಗಲೆಲ್ಲ ಮೇಜುಗಳು ತುಂಬಿರುತ್ತವೆ, ಕೆಎಎಸ್‌ಗೆ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರು, ಪಾಪ. ಕಾದಂಬರಿಯ ಕಪಾಟಿನ ಮುಂದೆ ಮಾತ್ರ ನಾನೊಬ್ಬನೇ. ಅವರನ್ನು ದೂರುವುದಿಲ್ಲ. ಕೆಲಸ ಸಿಕ್ಕ ಮೇಲೆ ಅವರೂ ನಿಮ್ಮ ಹಾಗೆ ನಲವತ್ತೊಂದಕ್ಕೆ ನನಗೊಂದು ಕಾಗದ ಬರೆಯುತ್ತಾರೆ, ನಾನಿದ್ದರೆ.

ಈಚೆಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮೂರು ಬೆಡ್‌ರೂಮ್, ಚಪ್ಪಲಿಗೆ ಆಳೆತ್ತರದ ಗೂಡು, ಪುಸ್ತಕಕ್ಕೆ ಒಂದು ಗೇಣು ಜಾಗ ಇಲ್ಲ. ಟಿವಿ ಪಕ್ಕದ ಗಾಜಿನೊಳಗೆ 'ಹಾರ್ಟ್ ಲ್ಯಾಂಪ್' ಒಂದು ನಿಂತಿತ್ತು, 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಕೊಂಡದ್ದಂತೆ. ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಹೆಂಗಸರ ಅಡುಗೆಮನೆ, ಅಂಗಳದ ಕಥೆಗಳು ಲಂಡನ್‌ವರೆಗೆ ಹೋಗಿ ಗೆದ್ದು ಬಂದಿವೆ, ಇಲ್ಲಿ ಗಾಜಿನೊಳಗೆ ಉಸಿರುಗಟ್ಟಿ ನಿಂತಿವೆ. ಆ ಹೋಳಿಗೆಯ ವಿದ್ವಾಂಸರು ಈಗ ಏನನ್ನುತ್ತಾರೋ ಕೇಳಬೇಕು.

ಎಲ್ಲಿಂದ ಎಲ್ಲಿಗೋ ಬಂದೆ. 'ಮದುಮಗಳು' ಪುಸ್ತಕವನ್ನು ಯಾರಿಗೂ ದಾನ ಮಾಡಬೇಡಿ, ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ. ಕಾಲು ಮುರಿದುಕೊಳ್ಳಿ ಅನ್ನುವುದಿಲ್ಲ, ಒಂದು ಮಳೆಗಾಲ ನಾಲ್ಕು ದಿನ ರಜೆ ಸಿಕ್ಕರೂ ಸಾಕು.

ಕೊನೆಯದಾಗಿ ಒಂದು ಕೆಲಸ. ಆ ಬೈಂಡ್ ಪುಸ್ತಕ ಇನ್ನೂ ತುಮಕೂರಿನಲ್ಲಿ ಇದೆಯಾ ನೋಡಿ. ಇದ್ದರೆ ಯಾವುದಾದರೂ ಒಂದು ಪುಟದ ಫೋಟೋ ತೆಗೆದು ಕಳಿಸಿ. ಅಚ್ಚಿನ ಅಕ್ಷರ, ಚಿತ್ರ ನೋಡಿದರೆ ಯಾವ ಪತ್ರಿಕೆ ಅಂತ ನಾನು ಹೇಳಬಲ್ಲೆ, ಈ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತೆ. ನಮ್ಮದೇ ಆಗಿದ್ದರೆ ಹಳೆಯ ಸಂಚಿಕೆಗಳು ಕಚೇರಿಯ ಅಟ್ಟದಲ್ಲಿವೆ. ಗೆದ್ದಲು ತಿಂದದ್ದು ಬಿಟ್ಟು ಉಳಿದದ್ದರಲ್ಲಿ ಹುಡುಕಿಸುತ್ತೇನೆ. ನಿಮ್ಮ ಕಾಗದ ಓದಿದಾಗಿನಿಂದ ಅವಳು ಬಸ್ ಹತ್ತಿದಳಾ ಇಲ್ಲವಾ ಅಂತ ನನಗೂ ತಲೆ ಕೆಟ್ಟಿದೆ.

– ಸಂಪಾದಕ